ಮೈದಾನದಲ್ಲಿ ಇದ್ದದ್ದು 90 ನಿಮಿಷ, ಮೈ ಆಡಿದ್ದು 35: ಬಿ.ಪಿ.ಇಡಿ. ಓದುವ ನಾವು ನಿಜವಾಗಿ ಎಷ್ಟು ಓಡಾಡುತ್ತೇವೆ?

ಕೋಡಿಬಾಗದ ಹುಡುಗಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಕಾರವಾರ. ಘಟ್ಟದ ಮೇಲೆ ಹಾಸ್ಟೆಲ್‌ನಲ್ಲಿದ್ದು ಬಿ.ಪಿ.ಇಡಿ., ಅಂದರೆ ದೈಹಿಕ ಶಿಕ್ಷಕರಾಗುವ ಪದವಿ, ಓದುತ್ತಿದ್ದೇನೆ, ಎರಡನೇ ವರ್ಷ. ಈಗ ಟೀಚಿಂಗ್ ಪ್ರಾಕ್ಟೀಸ್‌ಗೆ ಊರಿಗೆ ಬಂದು ಇಲ್ಲೇ ಒಂದು ಹೈಸ್ಕೂಲಿಗೆ ಹೋಗುತ್ತಿದ್ದೇನೆ. ಒಂದು ವಿಷಯ ಎರಡು ತಿಂಗಳಿಂದ ತಲೆ ಕೊರೆಯುತ್ತಿದೆ. ಇಲ್ಲಿ ಅನುಭವ ಇರುವ ಪಿಟಿ ಮಾಸ್ತರರು, ಅಕ್ಕೋರು ತುಂಬಾ ಜನ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಸೆಮಿಸ್ಟರ್‌ನಲ್ಲಿ ನಮಗೆ ಐಪ್ಯಾಕ್ (ದೈಹಿಕ ಚಟುವಟಿಕೆ ಅಳೆಯುವ ಅಂತರರಾಷ್ಟ್ರೀಯ) ಪ್ರಶ್ನಾವಳಿ ತುಂಬಲು ಕೊಟ್ಟಿದ್ದರು. ಕಳೆದ 7 ದಿನಗಳಲ್ಲಿ ಏದುಸಿರು ಬರುವಂಥ ಶ್ರಮ ಎಷ್ಟು ದಿನ, ಎಷ್ಟು ನಿಮಿಷ? ಸಾಧಾರಣ ಶ್ರಮ ಎಷ್ಟು? ನಡಿಗೆ ಎಷ್ಟು? ಕೂತಿದ್ದು ಎಷ್ಟು? ಚಿಕ್ಕ ನಮೂನೆಯಲ್ಲಿ ಇಷ್ಟೇ, 7 ಪ್ರಶ್ನೆ. ಆಮೇಲೆ ಲೆಕ್ಕ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ 1 ಮೆಟ್. ನಡಿಗೆಗೆ 3.3, ಸಾಧಾರಣ ಶ್ರಮಕ್ಕೆ 4, ಜೋರು ಶ್ರಮಕ್ಕೆ 8. ನಿಮಿಷದಿಂದ ಗುಣಿಸಿ ವಾರದ ಮೊತ್ತ ತೆಗೆಯುವುದು.

ನಾನು ಬರೆದದ್ದು: ಬೆಳಿಗ್ಗೆ ಪ್ರಾಕ್ಟಿಕಲ್, ವಾರಕ್ಕೆ 5 ದಿನ, ದಿನಕ್ಕೆ 90 ನಿಮಿಷ, ಜೋರು ಶ್ರಮ. ಹಾಸ್ಟೆಲ್‌ನಿಂದ ಕಾಲೇಜಿಗೆ ನಡಿಗೆ, ದಿನಕ್ಕೆ 20 ನಿಮಿಷ, 6 ದಿನ. ಒಟ್ಟು 3996. 3000 ದಾಟಿದೆ, ಜೋರು ಶ್ರಮವೂ 3 ದಿನಕ್ಕಿಂತ ಜಾಸ್ತಿ ಇದೆ, ಹಾಗಾಗಿ ಮೇಲಿನ ವರ್ಗ. ನಮ್ಮ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಲ್ಲೇ ಬಂದರು. ದೈಹಿಕ ಶಿಕ್ಷಣ ಓದುವವರು, ಬರಲೇಬೇಕಲ್ಲ ಅಂದುಕೊಂಡೆವು.

ಅದಾಗಿ ಹತ್ತು ದಿನಕ್ಕೆ ನನ್ನ ರೂಮ್‌ಮೇಟ್ ಕಾಲು ಉಳುಕಿಸಿಕೊಂಡಳು. ಪ್ರಾಕ್ಟಿಕಲ್‌ಗೆ ಬರಬೇಕು, ಆದರೆ ಓಡುವಂತಿಲ್ಲ. ಸ್ಟಾಪ್‌ವಾಚ್ ಅವಳ ಕೈಗೆ ಕೊಟ್ಟು, ನನ್ನನ್ನೇ ನೋಡುತ್ತಾ ಕೂತಿರು, ನಾನು ಅಲ್ಲಾಡಿದಾಗ ಮಾತ್ರ ಒತ್ತು ಅಂದೆ. ಅವಳು ಕಾಂಪೌಂಡ್ ಗೋಡೆ ಮೇಲೆ ಕೂತು ನೋಟ್‌ಬುಕ್‌ನಲ್ಲಿ ಬರೆದುಕೊಂಡದ್ದು ಹೀಗಿದೆ.

ಫಾಲಿನ್ (ಸಾಲಾಗಿ ನಿಲ್ಲುವುದು), ಹಾಜರಿ, ಸೂಚನೆ: 14 ನಿಮಿಷ, ನಿಂತೇ ಇದ್ದೆ. ವಾರ್ಮಪ್: 16. ಪಿಟ್ ಅಗೆದು ಮರಳು ಸಮ ಮಾಡಿದ್ದು: 6. ಲಾಂಗ್ ಜಂಪ್: 40 ನಿಮಿಷ. ನಾವು 24 ಜನ, ಪಿಟ್ ಒಂದೇ. ಒಬ್ಬೊಬ್ಬರಿಗೆ ಸುಮಾರು 20 ಸೆಕೆಂಡ್ ಹಿಡಿದರೂ ನನ್ನ ಸರದಿ 8 ನಿಮಿಷಕ್ಕೊಮ್ಮೆ. 40 ನಿಮಿಷದಲ್ಲಿ ನಾನು ಹಾರಿದ್ದು 5 ಸಲ. ಓಡಿದ್ದು, ಹಾರಿದ್ದು, ಮರಳು ಕೊಡವಿಕೊಂಡು ವಾಪಸ್ ಬಂದದ್ದು ಎಲ್ಲ ಸೇರಿ 5 ನಿಮಿಷ. ಉಳಿದ 35 ನಿಮಿಷ ಸೊಂಟದ ಮೇಲೆ ಕೈಯಿಟ್ಟು ಸಾಲಿನಲ್ಲಿ ನಿಂತಿದ್ದೆ. ಕೊನೆಗೆ 10 ನಿಮಿಷ ಥ್ರೋಬಾಲ್, ಅದರಲ್ಲಿ ಅಲ್ಲಾಡಿದ್ದು 8. ಮತ್ತೆ ಫಾಲಿನ್ 4.

90 ನಿಮಿಷದಲ್ಲಿ ಮೈ ಆಡಿದ್ದು 35. ಅದರಲ್ಲಿ ಏದುಸಿರು ಬಂದದ್ದು 11 ನಿಮಿಷ.

ವಾರದ ಐದೂ ದಿನ ಹೀಗೇ ಅಂತ ಹಿಡಿದು ಮತ್ತೆ ಲೆಕ್ಕ ಹಾಕಿದೆ. 3996 ಹೋಗಿ 1316 ಆಯಿತು. ಮೇಲಿನ ವರ್ಗದಿಂದ ಮಧ್ಯಮಕ್ಕೆ ಇಳಿದೆ. ನಾನು ಬೇಕೆಂದು ಸುಳ್ಳು ಬರೆದಿರಲಿಲ್ಲ. 90 ನಿಮಿಷ ಮೈದಾನದಲ್ಲಿ ಇದ್ದದ್ದು ನಿಜ. ಬೆವರು ಬಂದಿತ್ತು, ಬಿಸಿಲಿತ್ತು, ಮೈ ತುಂಬ ಮಣ್ಣಾಗಿತ್ತು. ಆದರೆ ಮೈದಾನದಲ್ಲಿ ಇರುವುದು ಬೇರೆ, ಮೈ ಆಡಿಸುವುದು ಬೇರೆ ಅಂತ ಆ ನೋಟ್‌ಬುಕ್ ನೋಡುವವರೆಗೆ ನನಗೆ ಹೊಳೆದೇ ಇರಲಿಲ್ಲ.

ಈಗ ಇಲ್ಲಿ ಶಾಲೆಯಲ್ಲಿ ಇನ್ನೂ ಕಡಿಮೆ. ಬಸ್ ಸ್ಟಾಪಿನಿಂದ ಶಾಲೆಗೆ ಹೋಗಿ ಬರಲು ದಿನಕ್ಕೆ 15 ನಿಮಿಷ ನಡಿಗೆ. ಲೆಸನ್‌ನಲ್ಲಿ ಸೀಟಿ ಹಿಡಿದು ನಿಲ್ಲುವುದು, ಮಧ್ಯೆ 4 ನಿಮಿಷ ಮಾಡಿ ತೋರಿಸುವುದು. ರಾತ್ರಿ ಲೆಸನ್ ಪ್ಲಾನ್ ಬರೆಯುವುದು, ಚಾರ್ಟ್ ಮಾಡುವುದು. ಹೋದ ವಾರ ಪೂರ್ತಿ ಸೇರಿಸಿದರೂ 114 ನಿಮಿಷ. ನಿಮಗೂ ಹೀಗೇ ಆಗಿತ್ತಾ? ಹೇಗೆ ಸರಿ ಮಾಡಿಕೊಂಡಿರಿ?

ಶಿರಸಿ ಪಿಟಿ ಮಾಸ್ತರ್ · ಭಾನುವಾರ ರಾತ್ರಿ

ತಂಗಿ, 29 ವರ್ಷ ಸರ್ವಿಸ್ ಆಯಿತು ನನಗೆ. ಇಷ್ಟು ನೇರವಾಗಿ ತನ್ನ ಲೆಕ್ಕ ತಾನೇ ಹಾಕಿ ಮುಂದಿಟ್ಟ ಟ್ರೈನಿಯನ್ನು ನೋಡಿದ್ದು ಕಡಿಮೆ. ನಾನು ಓದುವಾಗ ಬಿ.ಪಿ.ಇಡಿ. ಒಂದೇ ವರ್ಷ. 2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ನಿಯಮ ಬಂದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರ್ ಆಗಿದ್ದು. ಒಂದು ವರ್ಷದಲ್ಲೂ ನಾವು ಸಾಲಿನಲ್ಲಿ ನಿಂತದ್ದೇ ಜಾಸ್ತಿ. ಆ ಸಾಲನ್ನೇ ಶಿಸ್ತು ಅಂತ ಕಲಿತೆವು, ಅದನ್ನೇ ಮಕ್ಕಳಿಗೂ ಕಲಿಸಿದೆವು.

ನಿನ್ನ 35 ನಿಮಿಷಕ್ಕಿಂತ ನನ್ನನ್ನು ತಟ್ಟಿದ್ದು ಇನ್ನೊಂದು. ನಿನ್ನ ಶಾಲೆಯ ಪಿರಿಯಡ್ 40 ನಿಮಿಷ ಇರಬಹುದು. ಅದರಲ್ಲಿ ಒಂದು ಮಗು ಎಷ್ಟು ನಿಮಿಷ ಅಲ್ಲಾಡುತ್ತದೆ? ಅದನ್ನೂ ಅಳೆದು ನೋಡು. ಒಬ್ಬಳನ್ನೇ ಆರಿಸಿಕೋ, ಚುರುಕಾದವಳು ಬೇಡ, ಸಾಲಿನ ಹಿಂದೆ ನಿಲ್ಲುವವಳು.

ಕುಮಟಾ ಫಿಸಿಯೋ · ಸೋಮವಾರ ಬೆಳಿಗ್ಗೆ

ನಾನು ಫಿಸಿಯೋಥೆರಪಿ ಮಾಡುವವಳು. ಕ್ರೀಡಾಕೂಟದ ಸೀಸನ್‌ನಲ್ಲಿ ಪಿಟಿ ಟ್ರೈನಿಗಳು ತುಂಬಾ ಜನ ಬರುತ್ತಾರೆ. ಲೆಕ್ಕದ ಬಗ್ಗೆ ಮೊದಲು ಎರಡು ಮಾತು.

ಐಪ್ಯಾಕ್‌ನಲ್ಲಿ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದ್ದನ್ನು ಮಾತ್ರ ಬರೆಯಬೇಕು ಅಂತ ಇದೆ. ಹಾಗೆ ನೋಡಿದರೆ ನಿಮ್ಮ ಲಾಂಗ್ ಜಂಪ್ ಲೆಕ್ಕಕ್ಕೇ ಬರುವುದಿಲ್ಲ, ಮೊತ್ತ 1316ಕ್ಕಿಂತಲೂ ಇಳಿಯುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸೂಚನೆಯಲ್ಲಿ ಆ 10 ನಿಮಿಷದ ಕಟ್ಟು ತೆಗೆದುಹಾಕಿದೆ. ಎರಡು ನಿಮಿಷ ಓಡಿದರೂ ದೇಹಕ್ಕೆ ಲಾಭವೇ. ಹಾಗಾಗಿ ನಿಮ್ಮ ಸ್ಟಾಪ್‌ವಾಚ್ ಲೆಕ್ಕ ಇಟ್ಟುಕೊಳ್ಳಿ, ಒಳ್ಳೆಯದು. ನೆನಪಿನಿಂದ ಬರೆದಾಗ ಹೆಚ್ಚಿನವರು ಜಾಸ್ತಿಯೇ ಬರೆಯುತ್ತಾರೆ.

ಅದೇ ಸೂಚನೆ ಪ್ರಕಾರ 18ರಿಂದ 64 ವರ್ಷದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲ 75ರಿಂದ 150 ನಿಮಿಷ ಜೋರು ಶ್ರಮ ಮಾಡಬೇಕು. ಎರಡನ್ನೂ ಬೆರೆಸಬಹುದು, ಜೋರು ಶ್ರಮದ ಒಂದು ನಿಮಿಷ ಸಾಧಾರಣದ ಎರಡಕ್ಕೆ ಸಮ. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನಿಮ್ಮ ಕಾಲೇಜು ವಾರದಲ್ಲಿ 55 ನಿಮಿಷ ಜೋರು, 120 ನಿಮಿಷ ಸಾಧಾರಣ. ಅಲ್ಲಿಗೆ 230 ಆಯಿತು. ಗಾಬರಿ ಬೇಡ, ಕನಿಷ್ಠ ಮಿತಿ ದಾಟಿದ್ದೀರಿ. ಶಾಲೆಯ ವಾರದ 114 ಮಾತ್ರ ಮಿತಿಗಿಂತ ಕೆಳಗಿದೆ. ಬಲದ ವ್ಯಾಯಾಮದ ಸುದ್ದಿಯೇ ನಿಮ್ಮ ಬರಹದಲ್ಲಿಲ್ಲ. ಅದು ನನಗೆ ಹೆಚ್ಚು ಚಿಂತೆಯ ವಿಷಯ.

ಜೋರು ಯಾವುದು, ಸಾಧಾರಣ ಯಾವುದು ಅಂತ ತಿಳಿಯಲು ಮಾತಾಡಿ ನೋಡಿದರೆ ಸಾಕು. ಮಾತಾಡಬಹುದು, ಹಾಡಲಾಗುವುದಿಲ್ಲ ಅಂದರೆ ಸಾಧಾರಣ. ನಾಲ್ಕು ಶಬ್ದಕ್ಕೊಮ್ಮೆ ಉಸಿರು ಎಳೆಯಬೇಕು ಅಂದರೆ ಜೋರು.

ಗೋಕರ್ಣ ರಸ್ತೆ · ಸೋಮವಾರ ಮಧ್ಯಾಹ್ನ

ನನ್ನ ಮಗನೂ ಬಿ.ಪಿ.ಇಡಿ. ಓದುತ್ತಿದ್ದಾನೆ. ತಪ್ಪು ತಿಳಿಯಬೇಡಿ, ಒಂದು ಮಾತು ಕೇಳುತ್ತೇನೆ. ಪಿಟಿ ಮಾಸ್ತರ್ ಆಗುವವನು ತಾನೇ ಯಾಕೆ ಓಡಬೇಕು? ಕಲಿಸಲು ಬಂದರೆ ಸಾಲದೇ? ಕಬಡ್ಡಿ ತಂಡದ ಕೋಚ್ ರೈಡ್‌ಗೆ ಹೋಗುತ್ತಾನಾ? ಇವನಿಗೆ ಓದಲು ಬೆಟ್ಟದಷ್ಟಿದೆ. ಅಂಗರಚನೆ, ಮನಶ್ಶಾಸ್ತ್ರ, ನಿಯಮ ಪುಸ್ತಕ, ರೆಕಾರ್ಡು. ಮೇಲೆ ನೇಮಕಾತಿ ಪರೀಕ್ಷೆ ಅಂತ ಓದಿಕೊಳ್ಳಬೇಕು. ಪೋಸ್ಟ್ ಕರೆಯುವುದು ಯಾವಾಗಲೋ. ಆಗ ಇವನ ಮೆಟ್ ಎಷ್ಟು ಅಂತ ಯಾರೂ ಕೇಳುವುದಿಲ್ಲ, ಅಂಕ ಎಷ್ಟು ಅಂತ ಕೇಳುತ್ತಾರೆ.

ಹೊನ್ನಾವರ ಕಬಡ್ಡಿ · ಸೋಮವಾರ ಮಧ್ಯಾಹ್ನ

ಅಣ್ಣಾ, ಕೋಚ್ ರೈಡ್‌ಗೆ ಹೋಗುವುದಿಲ್ಲ ನಿಜ. ಆದರೆ ರೈಡ್‌ಗೆ ಹೋಗಿ ಬಂದವನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಅವನಿಗೆ ಗೊತ್ತಿರುತ್ತದೆ.

ಶಿರಸಿ ಪಿಟಿ ಮಾಸ್ತರ್ · ಸೋಮವಾರ ರಾತ್ರಿ

ಗೋಕರ್ಣದವರ ಪ್ರಶ್ನೆ ಸರಿಯಾದದ್ದೇ. ತಂದೆಯಾಗಿ ಕೇಳಬೇಕಾದದ್ದು. ನಾನು ನನ್ನದೇ ಒಂದು ಸಂಗತಿ ಹೇಳುತ್ತೇನೆ.

ಸರ್ವಿಸ್‌ಗೆ ಸೇರಿ ಏಳೆಂಟು ವರ್ಷಕ್ಕೆ ನಾನು ಓಡುವುದನ್ನು ಬಿಟ್ಟಿದ್ದೆ. ಬೆಳಗಿನ ಪ್ರಾರ್ಥನೆ, ಬಿಸಿಯೂಟದ ಲೆಕ್ಕ, ಯಾರಾದರೂ ಬರದಿದ್ದರೆ ಅವರ ಕ್ಲಾಸು, ಕ್ರೀಡಾಕೂಟದ ಪತ್ರ ವ್ಯವಹಾರ. ಮೈದಾನಕ್ಕೆ ಹೋದರೂ ಮರದ ಕೆಳಗೆ. ಒಂದು ದಿನ ತಡವಾಗಿ ಬಂದ ಹುಡುಗರಿಗೆ ಐವತ್ತು ಕಪ್ಪೆ ಜಿಗಿತ ಹಾಕಿಸಿದೆ. ಮಾರನೇ ದಿನ ಇಬ್ಬರು ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದು ಇಳಿಯುತ್ತಿದ್ದರು. ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ನಾನೇ ಹಾಕಿ ನೋಡಿದೆ. ಹದಿನೆಂಟಕ್ಕೆ ತೊಡೆ ನಡುಗಿತು. ಇಪ್ಪತ್ತಾರಕ್ಕೆ ಕೂತುಬಿಟ್ಟೆ.

ತಾನು ಏದುಸಿರು ಬಿಟ್ಟು ವರ್ಷಗಳಾದ ಮಾಸ್ತರನಿಗೆ ಬೇರೆಯವರ ಉಸಿರಿನ ಅಳತೆ ಮರೆತುಹೋಗುತ್ತದೆ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಪುಸ್ತಕದಲ್ಲಿ ಸಿಗುತ್ತದೆ. ಆದರೆ ಎದುರಿಗಿರುವ ಮಗುವಿನ ಮುಖ ನೋಡಿ ಸಾಕು ಅನ್ನಲು ಮೈಗೆ ಅದು ನೆನಪಿರಬೇಕು. ನಿಮ್ಮ ಮಗ ಎಲ್ಲರಿಗಿಂತ ಜೋರಾಗಿ ಓಡಬೇಕಾಗಿಲ್ಲ. ತಿಂಗಳಲ್ಲಿ ನಾಲ್ಕಾರು ಸಲ ಸರಿಯಾಗಿ ಏದುಸಿರು ಬಿಟ್ಟರೂ ಆ ಅಳತೆ ಉಳಿಯುತ್ತದೆ.

ಆಮೇಲಿಂದ ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಮಕ್ಕಳ ಜೊತೆ ಕೂಪರ್ ಟೆಸ್ಟ್ ಓಡುತ್ತೇನೆ. ಕೆನೆತ್ ಕೂಪರ್ ಅನ್ನುವ ಡಾಕ್ಟರ್ 1968ರಲ್ಲಿ ಅಮೆರಿಕದ ವಾಯುಪಡೆಯವರಿಗಾಗಿ ಕೊಟ್ಟದ್ದು. 12 ನಿಮಿಷದಲ್ಲಿ ಎಷ್ಟು ದೂರ ಹೋಗುತ್ತೀರಿ ಅನ್ನುವುದೊಂದೇ ಪ್ರಶ್ನೆ. ನಮ್ಮಲ್ಲಿ 200 ಮೀಟರ್ ಟ್ರ್ಯಾಕ್. 12 ನಿಮಿಷಕ್ಕೆ 12 ಸುತ್ತು ಅಂದರೆ 2400 ಮೀಟರ್. ನನಗೆ ಈಗ 54, ಹೋದ ವರ್ಷ 9 ಸುತ್ತಾಯಿತು. ಮಕ್ಕಳು ನನ್ನನ್ನು ದಾಟಿ ಹೋಗುವಾಗ ಸರ್ ಬನ್ನಿ ಸರ್ ಬನ್ನಿ ಅಂತ ಕೂಗುತ್ತಾರೆ. ಆ ದಿನ ಯಾರೂ ರಜೆ ಹಾಕುವುದಿಲ್ಲ.

ಗೋಕರ್ಣ ರಸ್ತೆ · ಸೋಮವಾರ ರಾತ್ರಿ

ಕಪ್ಪೆ ಜಿಗಿತದ ಮಾತು ಮನಸ್ಸಿಗೆ ನಾಟಿತು ಮಾಸ್ತರೇ. ಮಗನಿಗೆ ಓದಿಸುತ್ತೇನೆ. ಪರೀಕ್ಷೆಯ ಚಿಂತೆ ಮಾತ್ರ ಹೋಗಿಲ್ಲ ನನಗೆ.

ಬೇಲೇಕೇರಿ ಬಲೆ · ಸೋಮವಾರ ರಾತ್ರಿ

ನಾನು ಬಿ.ಪಿ.ಇಡಿ. ಮೊದಲ ವರ್ಷ. ಮನೆಯಲ್ಲಿ ಮೀನುಗಾರಿಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ ಇರುತ್ತದೆ, 61 ದಿನ. ಆಗ ನಾಡದೋಣಿ, ಏಂಡಿ ಬಲೆಯವರಿಗೆ ಕೆಲಸ. ರಜೆಯಲ್ಲಿ ನಾನೂ ಅಪ್ಪನ ಜೊತೆ ಬಲೆ ಎಳೆಯಲು ಹೋಗುತ್ತೇನೆ. ಬಲೆಯ ಎರಡು ತುದಿ ದಡಕ್ಕೆ ಬಂದ ಮೇಲೆ ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯಬೇಕು. ಮರಳಿನಲ್ಲಿ ಹಿಮ್ಮಡಿ ಊರಿ ಹಿಂದಕ್ಕೆ ಹಿಂದಕ್ಕೆ. ಅರ್ಧ ತಾಸಿನ ಮೇಲಾಗುತ್ತದೆ. ಮಾರನೇ ದಿನ ಬೆನ್ನು, ತೊಡೆ, ಅಂಗೈ ಎಲ್ಲ ಹಿಡಿದುಕೊಂಡಿರುತ್ತದೆ.

ಪ್ರಶ್ನಾವಳಿ ಕೊಟ್ಟಾಗ ನಾನು ಆ ವಾರ ಸೊನ್ನೆ ಅಂತ ಬರೆದಿದ್ದೆ. ರಜೆ ಅಲ್ವಾ, ಪ್ರಾಕ್ಟಿಕಲ್ ಇಲ್ಲ ಅಂತ. ಬಲೆ ಎಳೆದದ್ದು ವ್ಯಾಯಾಮ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಅಪ್ಪ ಜನ್ಮಪೂರ್ತಿ ಅದನ್ನೇ ಮಾಡಿದ್ದಾರೆ. ಅವರನ್ನು ಯಾರೂ ಕ್ರೀಡಾಪಟು ಅಂದಿಲ್ಲ.

ಕುಮಟಾ ಫಿಸಿಯೋ · ಸೋಮವಾರ ರಾತ್ರಿ

ಬೇಲೇಕೇರಿ ತಮ್ಮಾ, ಅದನ್ನು ಖಂಡಿತ ಬರೆಯಬೇಕಿತ್ತು. ಐಪ್ಯಾಕ್ ಕೇಳುವುದು ಬರೀ ಆಟದ ಬಗ್ಗೆ ಅಲ್ಲ. ಕೆಲಸ, ಮನೆಗೆಲಸ, ತೋಟ, ಓಡಾಟ ಎಲ್ಲವೂ ಸೇರುತ್ತದೆ. ಉದ್ದ ನಮೂನೆಯಲ್ಲಿ ಇವಕ್ಕೆ ಬೇರೆ ಬೇರೆ ಭಾಗವೇ ಇದೆ. ನೀವು ಹೇಳಿದ ಬಲೆ ಎಳೆತ ಇದೆಯಲ್ಲ, ಕೋಡಿಬಾಗದ ಹುಡುಗಿಯ ಲೆಕ್ಕದಲ್ಲಿ ಇಲ್ಲದ ಬಲದ ವ್ಯಾಯಾಮ ಅಂದರೆ ಅದೇ.

ಸಿದ್ದಾಪುರ ತೋಟ · ಮಂಗಳವಾರ ಬೆಳಿಗ್ಗೆ

ಅಡಿಕೆಯ ಕೊನೆಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ಹುಡುಗರು ಕೊನೆ (ಗೊನೆ) ಹೊರುವುದು, ರಾತ್ರಿ ಕೂತು ಅಡಿಕೆ ಸುಲಿಯುವುದು ಎರಡೂ ಮಾಡುತ್ತಾರೆ. ಒಂದು ಬೆನ್ನು ಬಗ್ಗಿಸುವ ಕೆಲಸ, ಇನ್ನೊಂದು ಕೂತಲ್ಲೇ ಕೂರುವ ಕೆಲಸ. ಕೂತ ತಾಸು ಎಷ್ಟು ಅಂತ ಕೇಳುವ ಪ್ರಶ್ನೆಗೆ ಅದನ್ನೂ ಬರೆಯಬೇಕು.

ಯಲ್ಲಾಪುರದ ಅಕ್ಕೋರು · ಮಂಗಳವಾರ ಸಂಜೆ

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಬೇಲೇಕೇರಿಯವರು ಬರೆದದ್ದು ಓದಿ ನನ್ನ ಮೊದಲ ವರ್ಷ ನೆನಪಾಯಿತು.

ನಮ್ಮಲ್ಲಿ ಕಾಡಿನ ಒಳಗಿನ ಕೇರಿಗಳಿಂದ ನಡೆದು ಬರುವ ಮಕ್ಕಳಿದ್ದಾರೆ. ಬಸ್ ಇಲ್ಲ, ಮಳೆಗಾಲದಲ್ಲಿ ಸಂಕ (ಮರದ ಕಾಲುಸೇತುವೆ) ದಾಟಬೇಕು. ಅದೊಂದೂ ಗೊತ್ತಿಲ್ಲದೆ ನಾನು ಕಾಲೇಜಿನಲ್ಲಿ ಕಲಿಸಿದ ಹಾಗೆ ಮೊದಲ ಪಿರಿಯಡ್‌ನಲ್ಲೇ ಎಲ್ಲರಿಗೂ ಮೈದಾನ ಐದು ಸುತ್ತು ಅಂದೆ. ಎಂಟನೇ ಕ್ಲಾಸಿನ ಒಬ್ಬಳು ಎರಡನೇ ಸುತ್ತಿಗೆ ಕೂತಳು. ಸೋಮಾರಿ ಅಂದುಕೊಂಡೆ. ಅವಳು ಬೆಳಿಗ್ಗೆ ತಿಂಡಿ ತಿನ್ನದೆ ಐದು ಕಿಲೋಮೀಟರ್ ನಡೆದು ಬಂದಿದ್ದಳು ಅಂತ ಮಧ್ಯಾಹ್ನ ಅವಳ ಗೆಳತಿ ಹೇಳಿದಳು. ನನ್ನ ವಾರ್ಮಪ್ ಅವಳಿಗೆ ಬೇಕಾಗಿಯೇ ಇರಲಿಲ್ಲ. ಈಗ ಮೊದಲ ಪಿರಿಯಡ್‌ಗೆ ಯಾರು ನಡೆದು ಬಂದಿರಿ, ಯಾರು ಏನು ತಿಂದಿರಿ ಅಂತ ಕೇಳಿಯೇ ಶುರು ಮಾಡುತ್ತೇನೆ.

ಟ್ರೈನಿ ಹುಡುಗಿಯರಿಗೆ ಇನ್ನೊಂದು ಮಾತು. ಬಿ.ಪಿ.ಇಡಿ. ಸೇರುವ ಮೊದಲು ನಾನು ದಿನಾ ಓಡುತ್ತಿದ್ದೆ. ಸೇರಲು ದೈಹಿಕ ಪರೀಕ್ಷೆ ಇತ್ತು, ಅದಕ್ಕೆ ಮೈ ಹದ ಮಾಡಿಕೊಂಡಿದ್ದೆ. ಸೇರಿದ ಮೇಲೆ ಕಡಿಮೆಯಾಯಿತು. ಕೆಲಸ ಸಿಕ್ಕಿ ಮದುವೆಯಾದ ಮೇಲೆ ನಿಂತೇ ಹೋಯಿತು. ಬೆಳಿಗ್ಗೆ ಐದೂವರೆಗೆ ಮನೆಯಲ್ಲಿ ದೋಸೆ ಹಿಟ್ಟು, ಡಬ್ಬಿ, ನೀರು ಕಾಯಿಸುವುದು. ಆ ಹೊತ್ತಿಗೆ ಗಂಡಸರು ವಾಕಿಂಗ್ ಹೋಗಬಹುದು. ಭಾರತದಲ್ಲಿ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಚಟುವಟಿಕೆ ಮಾಡುತ್ತಿಲ್ಲ ಅಂತ 2024ರಲ್ಲಿ ಪೇಪರಿನಲ್ಲಿ ಬಂದಿತ್ತು, ಗಂಡಸರಲ್ಲಿ 42 ಶೇಕಡಾ, ಹೆಂಗಸರಲ್ಲಿ 57. ಆ 57ರಲ್ಲಿ ನಾನೂ ಒಬ್ಬಳು, ಪಿಟಿ ಟೀಚರ್ ಆಗಿದ್ದುಕೊಂಡು. ಓದಿ ಬೇಸರವಾಯಿತು. ಈಗ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಹುಡುಗಿಯರ ಜೊತೆ ಖೋಖೋ ಆಡಿಯೇ ಮನೆಗೆ ಹೊರಡುತ್ತೇನೆ. ಮನೆಗೆ ಮುಟ್ಟಿದ ಮೇಲೆ ಸಮಯ ಸಿಗುವುದಿಲ್ಲ ಅಂತ ಖಚಿತವಾಗಿದೆ.

ಕೋಡಿಬಾಗದ ಹುಡುಗಿ · ಮಂಗಳವಾರ ರಾತ್ರಿ

ಅಕ್ಕೋರೇ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ನಾಳೆಯ ಕಾಯಿ ತುರಿದು ಮುಗಿಸಿದ್ದಳು. ಬೆಳಿಗ್ಗೆ ನೀನು ಬೀಚಿಗೆ ಹೋಗಿ ಬಾ ಅಂದಳು.

ಮಾಸ್ತರ್ ಹೇಳಿದ ಹಾಗೆ ಇವತ್ತು ಒಬ್ಬ ಹುಡುಗಿಯನ್ನು ಅಳೆದೆ. 48 ಹುಡುಗಿಯರು, ಥ್ರೋಬಾಲ್ ಒಂದು, ಎರಡು ಸಾಲು. ಅವಳ ಕೈಗೆ ಬಾಲ್ ಬಂದದ್ದು 4 ಸಲ. 40 ನಿಮಿಷದಲ್ಲಿ ಅವಳು ಅಲ್ಲಾಡಿದ್ದು 11 ನಿಮಿಷ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು ಅಂತ ನನ್ನ ಚಾರ್ಟಿನಲ್ಲಿ ನಾನೇ ದೊಡ್ಡದಾಗಿ ಬರೆದಿದ್ದೇನೆ. ಆ ಚಾರ್ಟ್ ಅವಳ ತಲೆಯ ಮೇಲೇ ತೂಗುತ್ತಿತ್ತು.

ಶಿರಸಿ ಪಿಟಿ ಮಾಸ್ತರ್ · ಮಂಗಳವಾರ ರಾತ್ರಿ

ಸಾಲು ಒಡೆ. 48 ಜನರನ್ನು 12ರ ನಾಲ್ಕು ಗುಂಪು ಮಾಡು. ನಾಲ್ಕು ಜಾಗ, ನಾಲ್ಕು ಕೆಲಸ. 6 ನಿಮಿಷಕ್ಕೊಮ್ಮೆ ಸೀಟಿ, ಗುಂಪು ಜಾಗ ಬದಲಿಸಬೇಕು. ಬಾಲ್ ಒಂದು ಜಾಗಕ್ಕೆ. ಇನ್ನೊಂದಕ್ಕೆ ಸುಣ್ಣದಲ್ಲಿ ಏಣಿ ಗೆರೆ ಎಳೆದು ಕಾಲು ಚಳಕ. ಮೂರನೆಯದು ಜಗಲಿ ಮೆಟ್ಟಿಲು ಹತ್ತಿ ಇಳಿಯುವುದು. ನಾಲ್ಕನೆಯದು ಹಗ್ಗ ಜಿಗಿತ. ಇಷ್ಟು ಮಾಡಲು ಖರ್ಚು ಬರುವುದು ಹಗ್ಗಕ್ಕೆ ಮಾತ್ರ. ನೀನೂ ಒಂದು ಜಾಗದಿಂದ ಇನ್ನೊಂದಕ್ಕೆ ಓಡುತ್ತಲೇ ಇರಬೇಕಾಗುತ್ತದೆ, ಮರದ ಕೆಳಗೆ ನಿಲ್ಲಲು ಆಗುವುದಿಲ್ಲ. ನಿನ್ನ ನಿಮಿಷವೂ ಏರುತ್ತದೆ.

ಇದನ್ನು ನಾನು ಕಲಿತದ್ದು ಮಳೆಯಿಂದ. ಶಿರಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಗದ್ದೆಯೇ. ಕರಾವಳಿಯಲ್ಲೂ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ನಾಲ್ಕು ತಿಂಗಳು ಮಕ್ಕಳನ್ನು ಒಳಗೆ ಕೂರಿಸಿ ಚೆಸ್, ಕೇರಂ ಅಂತ ದಿನ ಕಳೆಯುತ್ತಿದ್ದೆ. ಟ್ರೈನಿಗಳೂ ಅಷ್ಟೇ, ಆ ನಾಲ್ಕು ತಿಂಗಳು ಮೊಬೈಲ್ ಹಿಡಿದು ಕೂತಿರುತ್ತಾರೆ. ಆಮೇಲೆ ಜಗಲಿ, ಮೆಟ್ಟಿಲು, ಕಾರಿಡಾರ್ ಇವೇ ನನ್ನ ಮೈದಾನವಾದವು. ಹಾರ್ವರ್ಡ್ ಸ್ಟೆಪ್ ಟೆಸ್ಟ್ ಗೊತ್ತಲ್ಲ, ನಿಮಿಷಕ್ಕೆ 30 ಸಲದಂತೆ 5 ನಿಮಿಷ ಹತ್ತಿ ಇಳಿಯುವುದು. ಗಂಡಸರಿಗೆ ಮೂಲ ಎತ್ತರ 20 ಇಂಚು, ನಮ್ಮ ಜಗಲಿ ಅಷ್ಟಿಲ್ಲ. ಅಂಕ ತೆಗೆಯಲು ಬರುವುದಿಲ್ಲ, ಆದರೆ ಉಸಿರು ಏರುತ್ತದೆ. ಜಾರದ ಹಾಗೆ ಗೋಣಿಚೀಲ ಹಾಸಿಕೊಳ್ಳಬೇಕು, ಅದನ್ನು ಮರೆಯಬೇಡ.

ಕುಮಟಾ ಫಿಸಿಯೋ · ಬುಧವಾರ ಬೆಳಿಗ್ಗೆ

ಒಂದು ಎಚ್ಚರಿಕೆ. 114 ನಿಮಿಷದಿಂದ ಏಕ್ದಂ ಮೇಲಕ್ಕೆ ಹಾರಬೇಡಿ. ನನ್ನ ಹತ್ತಿರ ಬರುವ ಟ್ರೈನಿಗಳಲ್ಲಿ ಜಾಸ್ತಿ ಜನರದ್ದು ಒಂದೇ ಕಥೆ. ಪರೀಕ್ಷೆ, ಪ್ರಾಕ್ಟೀಸ್ ಅಂತ ಎರಡು ತಿಂಗಳು ಬಿಟ್ಟಿರುತ್ತಾರೆ. ಇಂಟರ್ ಕಾಲೇಜ್ ಕೂಟ ಹತ್ತಿರ ಬಂದಾಗ ಒಂದೇ ವಾರದಲ್ಲಿ ಹಳೆಯ ಲೆಕ್ಕಕ್ಕೆ ಓಡುತ್ತಾರೆ. ಮೊಣಕಾಲ ಕೆಳಗಿನ ಎಲುಬಿನುದ್ದಕ್ಕೆ ನೋವು, ಮೀನಖಂಡ ಹಿಡಿದುಕೊಳ್ಳುವುದು. ಬೆರಳಿಟ್ಟರೆ ಎಲುಬಿನ ಒಂದೇ ಜಾಗದಲ್ಲಿ ನೋವು ಕುಟುಕುತ್ತಿದ್ದರೆ ಓಡುವುದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು.

ಹುಡುಗಿಯರು ಸ್ವಲ್ಪ ಓಡಿದರೂ ಸುಸ್ತು ಅಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದನ್ನು ಸೋಮಾರಿತನ ಅಂತ ಬೈಯುವುದು ಅನ್ಯಾಯ.

ಬೀಚಿನ ಬಗ್ಗೆ: ಮೆತ್ತನೆ ಮರಳಿನಲ್ಲಿ ಓಡಿದರೆ ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಅಷ್ಟೇ ದೂರಕ್ಕೆ ಜಾಸ್ತಿ ಕೆಲಸ. ಶುರುವಿನಲ್ಲಿ ನೀರು ಇಳಿದಾಗಿನ ಗಟ್ಟಿ ಮರಳೇ ಸರಿ.

ಬೇಲೇಕೇರಿ ಬಲೆ · ಬುಧವಾರ ಮಧ್ಯಾಹ್ನ

ನೀರು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಆರಕ್ಕೆ ಇಳಿತ ಇದ್ದರೆ ನಾಳೆ ಏಳರ ಹತ್ತಿರ. ಹಾಗಾಗಿ ದಿನಾ ಆರಕ್ಕೆ ಅಂತ ಕೂತರೆ ವಾರದಲ್ಲಿ ಮೂರು ದಿನವೂ ಗಟ್ಟಿ ಮರಳು ಸಿಗುವುದಿಲ್ಲ. ದಡ ಸಮುದ್ರದ ಕಡೆ ಇಳಿಜಾರು ಇರುತ್ತದೆ, ಹೋದಷ್ಟೇ ದೂರ ವಾಪಸ್ ಬನ್ನಿ. ಒಂದೇ ಕಾಲಿಗೆ ಭಾರ ಬೀಳಬಾರದು. ಮಳೆಗಾಲದಲ್ಲಿ ದಡದ ಮೇಲೆ ಮಾತ್ರ, ನೀರಿಗೆ ಇಳಿಯಲೇಬೇಡಿ.

ಅಕ್ಕಾ, ನಿಮಗೆ ಜಿಗಿಯುವ ಹಗ್ಗ ಬೇಕಲ್ವಾ? ನಮ್ಮಲ್ಲಿ ಹಳೆ ಬಲೆಯ ಹಗ್ಗ ರಾಶಿ ಇದೆ. 12 ತುಂಡು ಮಾಡಿಕೊಡಲಾ? ಉದ್ದ ಎಷ್ಟಿರಬೇಕು?

ಕೋಡಿಬಾಗದ ಹುಡುಗಿ · ಬುಧವಾರ ಮಧ್ಯಾಹ್ನ

ಹಗ್ಗದ ನಡುವೆ ಕಾಲಿಟ್ಟು ನಿಂತರೆ ಎರಡು ತುದಿ ಕಂಕುಳದವರೆಗೆ ಬರಬೇಕು. ಹೈಸ್ಕೂಲ್ ಹುಡುಗಿಯರಿಗೆ ಎರಡೂವರೆ ಮೀಟರ್ ಸಾಕು. ನಿಜವಾಗಿ ಕೊಡುತ್ತೀಯಾ?

ಬೇಲೇಕೇರಿ ಬಲೆ · ಗುರುವಾರ ರಾತ್ರಿ

14 ಆಯಿತು. ತುದಿ ಬಿಚ್ಚಿಕೊಳ್ಳದ ಹಾಗೆ ಮೇಣದಬತ್ತಿಯಲ್ಲಿ ಕರಗಿಸಿ ಒತ್ತಿದ್ದೇನೆ. ಹಗ್ಗ ಹಗುರ, ಗಾಳಿಗೆ ಹಾರುತ್ತದೆ. ಅದಕ್ಕೆ ನಡುವೆ ಎರಡು ಗಂಟು ಹಾಕಿದೆ, ಈಗ ತೂಕ ಸರಿಯಾಗಿ ಬೀಳುತ್ತದೆ. ಉಪ್ಪಿನ ವಾಸನೆ ಹೋಗಲಿ ಅಂತ ಅಮ್ಮ ಎರಡು ಸಲ ಸಿಹಿನೀರಲ್ಲಿ ನೆನೆಸಿದ್ದಾಳೆ. ಶುಕ್ರವಾರ ನಾನೇ ಕಾರವಾರಕ್ಕೆ ಬರುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ.

ಕೋಡಿಬಾಗದ ಹುಡುಗಿ · ಮುಂದಿನ ಮಂಗಳವಾರ ರಾತ್ರಿ

ಇವತ್ತು ಲೆಸನ್ ಇತ್ತು. ನಾಲ್ಕು ಗುಂಪು ಮಾಡಿದೆ. ಮೊದಲ ಬದಲಾವಣೆಗೆ ಗಲಾಟೆಯೋ ಗಲಾಟೆ. ಏಣಿ ಗೆರೆಯವರು ಮೆಟ್ಟಿಲ ಕಡೆ ಹೋಗಬೇಕಿತ್ತು, ಎಲ್ಲರೂ ಹಗ್ಗದ ಕಡೆ ಓಡಿದರು. ಎರಡನೇ ಸೀಟಿಗೆ ಸರಿಯಾಯಿತು. ಅದೇ ಹುಡುಗಿಯನ್ನು ಮತ್ತೆ ಅಳೆದೆ. ಸ್ಟಾಪ್‌ವಾಚ್ ಹಿಡಿದದ್ದು ಜ್ವರ ಬಂದು ಬದಿಯಲ್ಲಿ ಕೂತಿದ್ದ ಅವಳ ಗೆಳತಿ. 11 ಇದ್ದದ್ದು 24 ನಿಮಿಷ ಆಗಿದೆ. ನಾನು ಅಲ್ಲಾಡಿದ್ದು 4 ಇದ್ದದ್ದು 19.

ಆದರೆ ಲೆಸನ್ ನೋಡಲು ಬಂದವರು ನನ್ನ ಪುಸ್ತಕದಲ್ಲಿ ಬರೆದದ್ದು: ಸಾಲು ನೇರವಿಲ್ಲ, ಶಿಸ್ತು ಸಾಲದು, ಸದ್ದು ಜಾಸ್ತಿ. ಅಂಕ ಹೋದ ಸಲಕ್ಕಿಂತ ಮೂರು ಕಡಿಮೆ. ಅಲ್ಲಿ ಕಣ್ಣಲ್ಲಿ ನೀರು ಬಂತು. ಇನ್ನೂ 6 ಲೆಸನ್ ಇದೆ. ಅಂಕ ನನಗೂ ಬೇಕು. ಏನು ಮಾಡಲಿ?

ಶಿರಸಿ ಪಿಟಿ ಮಾಸ್ತರ್ · ಮಂಗಳವಾರ ರಾತ್ರಿ

ಅಳಬೇಡ ತಂಗಿ. ಅವರಿಗೆ ನೀನು ಏನು ಮಾಡುತ್ತಿದ್ದೀ ಅಂತ ಮೊದಲೇ ಗೊತ್ತಾಗಲಿಲ್ಲ, ಕಂಡದ್ದು ಬರೀ ಗದ್ದಲ. ಲೆಸನ್ ಪ್ಲಾನ್‌ನ ಮೊದಲ ಪುಟದಲ್ಲಿ, ಉದ್ದೇಶ ಬರೆಯುವ ಜಾಗದಲ್ಲೇ ಬರೆದುಬಿಡು: ಪ್ರತಿ ವಿದ್ಯಾರ್ಥಿನಿ 40ರಲ್ಲಿ ಕನಿಷ್ಠ 20 ನಿಮಿಷ ಚಲನೆಯಲ್ಲಿರಬೇಕು. ಕೆಳಗೆ ನಾಲ್ಕು ಗುಂಪಿನ ನಕ್ಷೆ, ಬಾಣದ ಗುರುತು, ಸೀಟಿಯ ಸಮಯ. ಶುರುವಿನಲ್ಲಿ 2 ನಿಮಿಷ, ಕೊನೆಯಲ್ಲಿ 2 ನಿಮಿಷ ಸಾಲು ಗೆರೆ ಎಳೆದ ಹಾಗೆ ನಿಲ್ಲಲಿ. ಅದಕ್ಕೆ ಕೊಡಬೇಕಾದ ಬೆಲೆ ಅಷ್ಟು ಸಾಕು. ಮುಗಿದ ಮೇಲೆ ಸ್ಟಾಪ್‌ವಾಚ್ ಹಾಳೆಯನ್ನು ಪುಸ್ತಕಕ್ಕೆ ಅಂಟಿಸಿ ಅವರ ಕೈಗೇ ಕೊಡು.

ಯಲ್ಲಾಪುರದ ಅಕ್ಕೋರು · ಮಂಗಳವಾರ ರಾತ್ರಿ

ಸೀಟಿಗೆ ಬದಲು ಪ್ರತಿ ಗುಂಪಿಗೆ ಒಬ್ಬಳನ್ನು ಮುಂದಾಳು ಮಾಡಿ ನೋಡು. ಸಾಲಿನ ಹಿಂದೆ ನಿಲ್ಲುತ್ತಿದ್ದಳಲ್ಲ, ಅವಳನ್ನೂ ಮಾಡು. ನಿನ್ನ ಆ ಹಾಳೆಯ ಫೋಟೋ ಹಾಕುತ್ತೀಯಾ? ನನ್ನ ಎಂಟನೇ ಕ್ಲಾಸಿಗೆ ನಾಳೆಯೇ ಬೇಕು.

ಕೋಡಿಬಾಗದ ಹುಡುಗಿ · ಮಂಗಳವಾರ ರಾತ್ರಿ

ಹಾಕುತ್ತೇನೆ ಅಕ್ಕೋರೇ. ನಾನು ಗೆರೆ ಎಳೆದಾಗ ಎರಡೇ ಕಾಲಂ ಇತ್ತು, ಹೆಸರು ಮತ್ತು ಅಲ್ಲಾಡಿದ ನಿಮಿಷ. ಮೂರನೆಯದನ್ನು ಇವತ್ತು ಸ್ಟಾಪ್‌ವಾಚ್ ಹಿಡಿದ ಹುಡುಗಿ ತಾನೇ ಪೆನ್ಸಿಲ್‌ನಲ್ಲಿ ಎಳೆದುಕೊಂಡಿದ್ದಾಳೆ: ಕಾಯ್ದ ನಿಮಿಷ.